ಹಕ್ಕಿ ಕಾಯುವ ಕೆಲಸ

ನಮ್ಮತ್ತೆ ಆದಮ್ಮನವರಿಗೆ ಸಿಂಧನೂರಿನಲ್ಲಿ ಹಿಡಿಸಿದ್ದು ಒಂದೂ ಇರಲಿಲ್ಲ. ನಳದ ನೀರು ಸಪ್ಪೆ, ಪಾಕೀಟಿನ ಹಾಲು ನೀರು, ಎರಡು ಹೊತ್ತೂ ಅನ್ನ ಉಂಡರೆ ಉಂಡಂತೆಯೇ ಅಲ್ಲ. ಸುಗ್ಗಿ ಬಂತೆಂದರೆ ನನ್ನ ಗಂಡ ದುರುಗೇಶ ಭತ್ತ ಕೊಯ್ಯುವ ಮಷಿನ್ ಓಡಿಸುತ್ತ ಕಾಲುವೆ ಬಯಲಿನ ರೈತರ ಊರುಗಳಲ್ಲಿ, ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗುತ್ತಾನೆ. ಮನೆಯಲ್ಲಿ ನಾನೊಬ್ಬಳೇ ಎಂದು ದೀಪಾವಳಿ ಮುಗಿಸಿ ಗುರುಗುಂಟಾದಿಂದ ಅತ್ತೆಯನ್ನು ಕರೆತಂದಿದ್ದೆ. ಬಂದ ದಿನದಿಂದ ಅವರದು ಒಂದೇ ರಾಗ: ಜೋಳ ಹಾಲು ತುಂಬುವ ಹೊತ್ತಿಗೆ ಊರು ಸೇರಬೇಕು, ಇಲ್ಲದಿದ್ದರೆ ಹಕ್ಕಿ ಕಾಯುವವರು ಯಾರು?

ಮದುವೆಯಾಗಿ ಬಂದಾಗಿನಿಂದ ಅವರು ಹೊಲದ ನಡುವೆ ಅಟ್ಟದ ಮೇಲೆ ನಿಂತು, ಕವಣೆ ಬೀಸಿ, ಕೂಗು ಹಾಕಿ ಜೋಳದ ತೆನೆ ಉಳಿಸಿದವರು. ಆದರೆ ಈ ವರ್ಷ ನನ್ನ ಭಾವ ಹೊಲಕ್ಕೆಲ್ಲ ತೊಗರಿ ಹಾಕಿದ್ದರು. ಕಾಯುವುದಕ್ಕೆ ಜೋಳವೇ ಇರಲಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ನನ್ನಂಥ ಜಗಳಗಂಟಿಗೂ ಬರಲಿಲ್ಲ.

ಅವರು ಹೋಗುವುದು ನನಗೆ ಬೇಡವಾಗಿತ್ತು. ನಾನು ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಹೊಲಿಗೆ ಮಷಿನ್ ಮುಂದೆ ಗೂನಾಗಿ ಕೂತವಳನ್ನು ಉಣ್ಣಲು ಏಳೆಂದು ಬಯ್ಯುವವರು ಮನೆಯಲ್ಲಿದ್ದರೆ ಎಷ್ಟು ಚೆಂದ ಎನ್ನುವುದು ಅವರು ಬಂದ ಮೇಲೆಯೇ ನನಗೆ ತಿಳಿದದ್ದು.

ನನಗೊಂದು ಹುಚ್ಚಿದೆ. ಬೆಳಗಾದರೆ ಗೆಳತಿ ಅಂಜುಮ್ ಜೊತೆ ಊರಿನ ಕುಡಿಯುವ ನೀರಿನ ಕೆರೆಯ ಏರಿಗೆ ಹೋಗಿ ಹಕ್ಕಿ ನೋಡುವುದು. ಅಂಜುಮ್ ಶಾಲೆಯ ಟೀಚರ್, ದುರ್ಬೀನು ಅವಳದು. ಕಾರ್ತೀಕದಲ್ಲಿ ಆ ಕೆರೆ ನೋಡಬೇಕು. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಸೀರೆ ನೆನೆಯದಂತೆ ಎತ್ತಿ ಹಿಡಿದವರ ಹಾಗೆ ನಡೆಯುತ್ತವೆ. ಹಣೆಯ ಮೇಲೆ ಬಿಳಿ ನಾಮ ಹೊತ್ತ ನಾಮದ ಕೋಳಿಗಳು ದಿನವಿಡೀ ಒಂದನ್ನೊಂದು ಅಟ್ಟಾಡಿಸುತ್ತವೆ. ಆ ವಾರ ನಾವು ಕಾಯುತ್ತಿದ್ದ ಪಟ್ಟೆತಲೆ ಹೆಬ್ಬಾತುಗಳು ಬಂದು ಇಳಿದವು. ಖುಷಿ ತಡೆಯಲಾಗದೆ ಅತ್ತೆಗೆ ಹೇಳಿದೆ, "ನಾಳೆ ನಮ್ಮ ಜೋಡಿ ಹಕ್ಕಿ ಕಾಯಾಕ ಬರ್ರಿ ಅತ್ತಿ."

ಪಕ್ಷಿ ವೀಕ್ಷಣೆ ಎಂದರೆ ಅವರಿಗೆ ತಿಳಿಯುತ್ತದೆಯೇ? ಅದಕ್ಕೆ ಹಾಗೆಂದೆ. ಅವರ ಮುಖ ಅರಳಿತು. ಸಿಂಧನೂರಿಗೆ ಬಂದ ಮೇಲೆ ಆ ಮುಖ ಅರಳಿದ್ದು ಅದೇ ಮೊದಲು.

ಮರುದಿನ ಅತ್ತೆ ನನಗಿಂತ ಮೊದಲೇ ಎದ್ದು ಸೀರೆ ಎತ್ತಿಕಟ್ಟಿ ನಿಂತಿದ್ದರು. ಉಡಿ ಭಾರವಾಗಿತ್ತು. ಹಕ್ಕಿಗೆ ಹಾಕಲು ಕಾಳು ತಂದಿರಬೇಕು ಎಂದುಕೊಂಡೆ. ಏರಿಯ ಮೇಲೆ ಅಂಜುಮ್ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದಳು. ಹೆಬ್ಬಾತುಗಳು ಬೆಳ್ಳಗೆ, ಬೂದಿ ಬಣ್ಣದಲ್ಲಿ, ಒಂದಕ್ಕೊಂದು ಅಂಟಿಕೊಂಡು ನೀರಿನ ಮೇಲೆ ತೂಗುತ್ತಿದ್ದವು. ನಾನು ದುರ್ಬೀನು ಕಣ್ಣಿಗೆ ಹಿಡಿದಿದ್ದೆನಷ್ಟೇ, ಪಕ್ಕದಲ್ಲಿ ಕವಣೆ ಗಾಳಿ ಸೀಳಿದ ಸದ್ದು, ಅದರ ಹಿಂದೆಯೇ ಗುರುಗುಂಟಾದವರೆಗೂ ಕೇಳಿಸುವಂಥ ಕೂಗು. ಕಲ್ಲು ಅವುಗಳಿಂದ ಬಹು ದೂರ ನೀರಿಗೆ ಬಿತ್ತು. ಇಡೀ ಹಿಂಡು ಒಮ್ಮೆಲೇ ಎದ್ದಿತು. ಕೆರೆಯೇ ಎದ್ದು ನಿಂತಿತೇನೋ ಎನ್ನುವ ಹಾಗೆ ರೆಕ್ಕೆಯ ಸದ್ದು. ನಮ್ಮ ತಲೆಯ ಮೇಲೇ ತಿರುಗಿ, ಸಾಲುಗಟ್ಟಿ, ಬಿಸಿಲಿಗೆ ಮೈಯೊಡ್ಡಿ ಹೊರಟುಹೋದವು. ಅಷ್ಟು ಚೆಲುವಾದದ್ದನ್ನು ನಾನು ಹುಟ್ಟಿ ಕಂಡಿರಲಿಲ್ಲ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನು ಒಂದೂ ಇಳಿಯುವುದಿಲ್ಲ ಎಂದು ನೆಮ್ಮದಿಯಿಂದ ಹೇಳಿದರು. ಅಂಜುಮ್ ಕಣ್ಣಲ್ಲಿ ನೀರು. ನನಗೆ ಸಿಟ್ಟು ನೆತ್ತಿಗೇರಿತು.

"ಓಡಸಾಕಲ್ರಿ ಅತ್ತಿ, ನೋಡಾಕ ಕರಕೊಂಡು ಬಂದೀನಿ."

"ನೋಡಾಕಷ್ಟನ?" ಎಂದರು. ಮುಖ ಸಣ್ಣದಾಯಿತು.

ಆ ಹಕ್ಕಿ ಎಲ್ಲಿಯವು ಎಂದು ಅವರು ಕೇಳಿದಾಗ, ಹಿಮಾಲಯದ ಆಚೆಯಿಂದ ಬೆಟ್ಟ ದಾಟಿಕೊಂಡು ಬರುತ್ತವೆ ಎಂದು ಅಂಜುಮ್ ಮೂಗೊರೆಸಿಕೊಳ್ಳುತ್ತ ವಿವರಿಸಿದಳು. ಅತ್ತೆ ಮನೆಯವರೆಗೂ ತಿರುತಿರುಗಿ ಆಕಾಶ ನೋಡುತ್ತ ಬಂದರು. ಬಾಗಿಲಲ್ಲಿ ನಿಂತು, "ಅಷ್ಟು ದೂರದಿಂದ ಬಂದ ಬೀಗರಿಗೆ ಕಲ್ಲು ಒಗದ್ನಲ್ಲಬೇ," ಎಂದರು.

ಅಂದೇ ಚೀಲ ತುಂಬಿಟ್ಟರು. ಆ ಹಕ್ಕಿ ತಿರುಗಿ ಬಂದದ್ದನ್ನು ಕಣ್ಣಾರೆ ಕಂಡ ದಿನವೇ ಊರಿಗೆ ಹೋಗುವುದು ಎಂಬುದು ಅವರ ತೀರ್ಮಾನ. ಆಮೇಲೆ ದಿನಾ ಮುಂಜಾನೆ ನಮಗಿಂತ ಮುಂಚೆ ಏರಿಯ ಮೇಲೆ ಹೋಗಿ ಕೂತು ಹೆಬ್ಬಾತುಗಳಿಲ್ಲದ ಖಾಲಿ ನೀರನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಮಾಡುತ್ತಿದ್ದದ್ದೇನು? ಹಕ್ಕಿ ಎಂದರೆ ಜೀವ ಬಿಡುವ ನಾನು, ದೇವರೇ ಅವು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ದುರುಗೇಶನ ಫೋನ್ ಬಂತು. ಗೊರೇಬಾಳದಲ್ಲಿ ಪಂಪಣ್ಣ ಎಂಬ ರೈತರ ಗದ್ದೆ ಕೊಯ್ಯುತ್ತಿದ್ದನಂತೆ. ಕೊಯ್ದ ಗದ್ದೆಯಲ್ಲಿ ತಲೆಯ ಮೇಲೆ ಗೀಟಿರುವ ದೊಡ್ಡ ಹಕ್ಕಿಗಳು ಹಿಂಡುಗಟ್ಟಿ ಇಳಿದಿವೆ ಎಂದ. ಫೋನ್ ಇಟ್ಟು ಮತ್ತೆ ಹೊಲಿಗೆಗೆ ಕೂತೆ. ನಾನು ಹೇಳದಿದ್ದರೆ ಅತ್ತೆಗೆ ಗೊತ್ತಾಗುತ್ತಿರಲಿಲ್ಲ. ಆದರೆ ಆ ಖಾಲಿ ನೀರನ್ನು ಅವರು ನೋಡುತ್ತಿದ್ದ ಬಗೆ ನೆನಪಾಗಿ ನನ್ನಿಂದ ತಾಳಲಾಗಲಿಲ್ಲ. ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟೆ.

ಕಾಲುವೆಯ ದಂಡೆಯಲ್ಲಿ ಇಳಿದೆವು. ಕೂಳೆಗಳ ನಡುವೆ ಹೆಬ್ಬಾತುಗಳು ಬಿದ್ದ ಭತ್ತ ಆಯುತ್ತಿದ್ದವು. ನೆತ್ತಿಯ ಎರಡು ಕರಿಗೀಟು ಬರಿಗಣ್ಣಿಗೇ ಕಾಣುತ್ತಿದ್ದವು. ಯಾವ ಗಡಿಬಿಡಿಯೂ ಇಲ್ಲ, ನಮ್ಮ ಊರಿನವೇ ಎಂಬಂತೆ ಮೇಯುತ್ತಿದ್ದವು. ಅತ್ತೆ ಬಾಯಿ ತೆರೆದು ನೋಡುತ್ತಲೇ ನಿಂತರು. ನಾನು ಹಕ್ಕಿ ನೋಡಲಿಲ್ಲ, ಅವರನ್ನು ನೋಡಿದೆ. ನಾಳೆ ಇವರು ಊರಿಗೆಂದು ಲಿಂಗಸುಗೂರಿನ ಬಸ್ಸು ಹತ್ತುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ಅವರ ಕೈ ಉಡಿಗೆ ಹೋಯಿತು. ನಾನು ಬೇಡ ಎನ್ನುವ ಮೊದಲೇ ಕವಣೆ ತಿರುಗಿತು. ಈ ಸಲ ಬಾಯಿಂದ ಚಕಾರವಿಲ್ಲ. ಕಲ್ಲು ಹೋದದ್ದು ಹಕ್ಕಿಗಳ ಕಡೆಗಲ್ಲ. ಬದುವಿನ ಮರೆಯಲ್ಲಿ ಹೊಂಚುತ್ತ ಬರುತ್ತಿದ್ದ ನಾಯಿಯ ಮುಂದೆ ಬಿದ್ದು ಮಣ್ಣು ಹಾರಿತು. ನಾಯಿ ಬಾಲ ಮುದುರಿಕೊಂಡು ಓಡಿತು. ಹೆಬ್ಬಾತುಗಳು ಕತ್ತೆತ್ತಿ ನೋಡಿ, ಮತ್ತೆ ಮೇಯತೊಡಗಿದವು.

ಅತ್ತೆ ಕವಣೆ ಮಡಚುತ್ತ, "ಇವು ಯಾವಾಗ ಹೋಗ್ತಾವ?" ಎಂದು ಕೇಳಿದರು.

"ಹೋಳಿ ಹುಣ್ಣಿವಿ ಹೊತ್ತಿಗ್ರಿ."

"ಅಲ್ಲಿತನ ಯಾರರ ಕಾಯಬೇಕಲ್ಲ."

ನಾನು ಅವರ ಪಕ್ಕಕ್ಕೆ ಸರಿದು ನಿಂತೆ. ಹೇಳಿದೆ, "ಮತ್ತ ಮುಂದಿನ ಕಾರ್ತೀಕಕ್ಕ ಬರ್ತಾವ್ರಿ ಅತ್ತಿ."

"ಬರ್ಲಿ," ಎಂದರು, ಹಕ್ಕಿಗಳಿಂದ ಕಣ್ಣು ಕೀಳದೆ. "ನಾ ಎಲ್ಲಿ ಹೋಗ್ತೀನಿ."