ಹೆಂಡತಿಯನ್ನು ಕಂಡರೆ ಕೂಗದ ಗಡಿಯಾರ

ಹಲ್ಲಿನ ಡಾಕ್ಟರ ಕಥೆ ಹೇಳಬೇಕೆಂದರೆ ಮೊದಲು ಬ್ರೇಕ್ ಸಾರ್ ವಿಚಾರ ಹೇಳಬೇಕು. ಅವರು ಚಳಿಗಾಲದಲ್ಲಿ ರಸ್ತೆಯೇ ಹೆಪ್ಪುಗಟ್ಟುವ ನಮ್ಮ ಊರಿನ ಓಟಗಾರರ ಸಂಘದ ಕೋಚು. ಜನರನ್ನು ಓಡಿಸುವುದು ಅವರ ಕೆಲಸವಾದರೂ ಬಾಯಿ ತೆರೆದರೆ ಬರುವ ಮಾತು ಒಂದೇ: "ನಿಧಾನ, ನಿಧಾನ." ಚಳಿಗಾಲದಲ್ಲಿ ಜೋರಾಗಿ ಓಡಿದವನು ಬೇಸಿಗೆಯಲ್ಲಿ ಏದುಸಿರು ಬಿಡುತ್ತಾ ರಸ್ತೆ ಪಕ್ಕ ಕೂರುತ್ತಾನೆ ಎಂಬುದು ಅವರ ಸಿದ್ಧಾಂತ. ಅದಕ್ಕಾಗಿ ಎಲ್ಲರ ಎದೆಗೂ ಒಂದು ಪಟ್ಟಿ, ಮಣಿಕಟ್ಟಿಗೆ ಒಂದು ಗಡಿಯಾರ. ಎದೆಬಡಿತ ನೂರಿಪ್ಪತ್ತು ದಾಟಿತೋ, ಗಡಿಯಾರ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕೀಂಯ್ ಎಂದು ಕೂಗುತ್ತದೆ. ಕೂಗಿದ ತಕ್ಷಣ ಓಟ ಬಿಟ್ಟು ನಡೆಯಬೇಕು.

ಬೇಸಿಗೆ ಕಾಲಿಡುವ ಹೊತ್ತಿಗೆ ದೊಡ್ಡ ಕೆರೆಯ ಸುತ್ತ ಹಗಲಿಡೀ ಓಡುವ ಪಂದ್ಯ. ಸಂಘದಿಂದ ಐವರು ಹೋಗಬೇಕು, ನಾಲ್ವರು ಆಗಲೇ ಆಯ್ಕೆಯಾಗಿದ್ದರು. ಉಳಿದ ಒಂದು ಜಾಗಕ್ಕೆ ನಮ್ಮ ಡಾಕ್ಟರು ಹಗಲೂ ರಾತ್ರಿ ಕನವರಿಸುತ್ತಿದ್ದರು. ಎರಡು ಚಳಿಗಾಲ ಆ ಜಾಗ ಕೈಗೆ ಬಂದು ತಪ್ಪಿತ್ತು. ಮೊದಲ ಸಲ ತಳ್ಳುಗಾಡಿಯಲ್ಲಿ ಸಾಮಾನು ತುಂಬಿಕೊಂಡ ಮುದುಕಿಯೊಬ್ಬಳು ಅವರನ್ನು ಹಿಂದೆ ಹಾಕಿದ್ದಳು. ಅದನ್ನು ನೋಡಿ ಸುಮ್ಮನಿರಲು ಅವರ ಕೈಲಾಗಲಿಲ್ಲ. ಓಡಿ ಮುದುಕಿಯನ್ನು ಸೋಲಿಸಿದರು, ಗಡಿಯಾರ ಕೂಗಿತು, ಜಾಗ ಹೋಯಿತು. ಎರಡನೇ ಸಲ ಒಂದು ನಾಯಿ. ನಾಯಿಯ ವಿಚಾರ ಅವರು ಯಾರ ಮುಂದೆಯೂ ಎತ್ತುವುದಿಲ್ಲ.

"ಡಾಕ್ಟ್ರೇ, ಈ ಚಳಿಗಾಲಕ್ಕೆ ಇದೇ ಕೊನೇ ಅವಕಾಶ," ಎಂದರು ಬ್ರೇಕ್ ಸಾರ್. "ಭಾನುವಾರ ಕೆರೆ ಸುತ್ತ ಒಂದು ಸುತ್ತು. ನಾನು ಸೈಕಲ್ಲಲ್ಲಿ ಹಿಂದೇನೇ ಬರ್ತೀನಿ. ಒಂದೇ ಒಂದು ಸಲ ಕೂಗಿದ್ರೂ ಮನೆಗೆ. ಅಲ್ಲೀವರೆಗೂ ಪಟ್ಟಿ ಬಿಚ್ಚೋ ಹಾಗಿಲ್ಲ. ಊಟ ಮಾಡುವಾಗ, ಕೆಲಸ ಮಾಡುವಾಗ, ಜಗಳ ಆಡುವಾಗ, ಯಾವಾಗ್ಲೂ ಇರ್ಬೇಕು. ನಿಮ್ಮ ಎದೆಗೆ ಸ್ವಲ್ಪ ಮರ್ಯಾದೆ ಕಲಿಸ್ಬೇಕು."

ಸೋಮವಾರ ಬೆಳಗಿನ ಓಟವೇನೋ ಸುಸೂತ್ರವಾಗಿ ಆಯಿತು. ಹಾಸಿಗೆಯೊಂದನ್ನು ತಲೆಯ ಮೇಲೆ ಹೊತ್ತು ಮನೆ ಬದಲಾಯಿಸುತ್ತಿದ್ದವನೊಬ್ಬ ಡಾಕ್ಟರನ್ನು ದಾಟಿ ಹೋದ. ಹೋಗುವಾಗ "ಕಾಲು ನೋವಾ ಸಾರ್?" ಎಂದು ಕನಿಕರದಿಂದ ಬೇರೆ ಕೇಳಿದ. ಡಾಕ್ಟರು ಹಲ್ಲು ಕಚ್ಚಿಕೊಂಡು ಸಹಿಸಿದರು. ಹಲ್ಲು ಕಚ್ಚಬೇಡಿ, ಸವೆಯುತ್ತೆ ಎಂದು ದಿನಾ ಊರಿಗೆಲ್ಲ ಬುದ್ಧಿ ಹೇಳುವವರು ಅವರೇ.

ಎಡವಟ್ಟಾದದ್ದು ಕ್ಲಿನಿಕ್ಕಿನಲ್ಲಿ. ಕುರ್ಚಿಯಲ್ಲಿ ಮಲಗಿದ್ದವರು ಬ್ಯಾಂಕಿನ ಮ್ಯಾನೇಜರು, ಕೀಳಬೇಕಾದದ್ದು ಕಡೆಯ ದವಡೆ ಹಲ್ಲು. ಬೇರು ಗಟ್ಟಿ. ಡಾಕ್ಟರು ಇಕ್ಕಳ ಹಿಡಿದು ಎಡಕ್ಕೆ ತಿರುವಿದರು, ಬಲಕ್ಕೆ ತಿರುವಿದರು, ಒಂದು ಕಾಲನ್ನು ಕುರ್ಚಿಗೆ ಒತ್ತುಕೊಟ್ಟು ಎಳೆದರು. ಕೀಂಯ್!

ಮ್ಯಾನೇಜರು ಕಣ್ಣು ಬಿಟ್ಟರು. "ಡಾಕ್ಟ್ರೇ, ಏನದು ಶಬ್ದ?"

"ಏನಿಲ್ಲ ಏನಿಲ್ಲ. ನನ್ನ ಎದೆಬಡಿತ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೆ. ಒಂದು ನಿಮಿಷ ನಡೆದಾಡಿ ಬರ್ತೀನಿ, ಇಲ್ಲಾಂದ್ರೆ ಅದು ನಿಲ್ಲಲ್ಲ."

ಡಾಕ್ಟರೇ ಹೆದರಿದ್ದಾರೆ ಎಂದ ಮೇಲೆ ಪೇಷಂಟ್ ಕಾದು ಕೂತಿರುತ್ತಾನೆಯೇ? ಡಾಕ್ಟರು ಕಿಟಕಿಯವರೆಗೆ ಹೋಗಿ ತಿರುಗುವಷ್ಟರಲ್ಲಿ ಮ್ಯಾನೇಜರು ಎದೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ, ಅಲ್ಲಾಡುವ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಕಾಲಿಗೆ ಬುದ್ಧಿ ಹೇಳಿದ್ದರು. ಮೆಟ್ಟಿಲು ಇಳಿದ ರಭಸ ನೋಡಿದರೆ ಸಂಘಕ್ಕೆ ಅವರೇ ಸೇರಬಹುದಿತ್ತು.

ಸಂಜೆ ಡಾಕ್ಟರು ಮೂರು ಮಹಡಿ ಹತ್ತಿ ಮನೆ ಬಾಗಿಲು ಮುಟ್ಟುವಾಗ ಕೆಳಗಿನ ಮನೆಯಾಕೆ ಎದುರಿಗೆ ನಿಂತಿದ್ದರು. ಬೆಳಗಿನ ಜಾವ ತಲೆ ಮೇಲೆ ಧಡಧಡ ಹಗ್ಗ ಜಿಗಿಯುವವರು ಯಾರು ಎಂದು ಕೇಳಲು ಬಂದವರು. ಕೀಂಯ್! ಒಳಗಿನಿಂದ ಹೆಂಡತಿ ಇಣುಕಿದರು. ಕೆಳಗಿನ ಮನೆಯಾಕೆಯನ್ನೂ ಗಡಿಯಾರವನ್ನೂ ಒಮ್ಮೆ ನೋಡಿ ಒಳಗೆ ಹೋದರು.

ಹೆಂಡತಿಯ ಪರಿಚಯ ಈಗ ಆಗಲೇಬೇಕು. ಅವರು ಡ್ರೈವಿಂಗ್ ಸ್ಕೂಲಿನ ಮೇಡಂ. ಚಳಿಗಾಲದಲ್ಲಿ ಅವರ ಪಾಠಕ್ಕೆ ಎಲ್ಲಿಲ್ಲದ ಬೇಡಿಕೆ, ಏಕೆಂದರೆ ಹೆಪ್ಪುಗಟ್ಟಿದ ರಸ್ತೆಯಲ್ಲಿ ಗಾಡಿ ಜಾರಿದರೆ ಸ್ಟಿಯರಿಂಗನ್ನು ಯಾವ ಕಡೆ ತಿರುಗಿಸಬೇಕು, ಬ್ರೇಕು ಯಾವಾಗ ತುಳಿಯಬಾರದು ಎಂದು ಊರಿನ ಅರ್ಧ ಜನಕ್ಕೆ ಕಲಿಸಿದವರು ಅವರು. ಯಾವ ತಿರುವಿನಲ್ಲಿ ಎಷ್ಟು ಹೊತ್ತಿಗೆ ಮಂಜು ಗಟ್ಟಿಯಾಗುತ್ತದೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲರು. ಅಟ್ಟೆಗೆ ಮೊಳೆ ಬಡಿದ ದಪ್ಪ ಬೂಟು ಹಾಕಿಕೊಂಡು ರಸ್ತೆಯಲ್ಲಿ ಟಕಟಕ ನಡೆಯುತ್ತಿದ್ದರೆ ಜಾರುವವರು ಕೂಡ ನಾಚಿ ನೆಟ್ಟಗೆ ನಿಲ್ಲುತ್ತಿದ್ದರು. "ನಾನು ಹುಟ್ಟಿದಾಗ್ಲಿಂದ ಒಂದು ಸಲಾನೂ ಜಾರಿ ಬಿದ್ದಿಲ್ಲ," ಎಂದು ಪ್ರತಿ ಹೊಸ ಬ್ಯಾಚಿಗೂ ಹೇಳುವುದು ಅವರ ರೂಢಿ.

ಮಂಗಳವಾರ ಅತ್ತೆ ಬಂದರು. "ಎರಡು ದಿನ ಇದ್ದು ಹೋಗೋಣ ಅಂತ ಬಂದೆ," ಎನ್ನುತ್ತಾ ಬೀರುವಿನಷ್ಟು ದೊಡ್ಡ ಸೂಟ್‌ಕೇಸನ್ನು ಒಳಗೆ ಎಳೆದರು. ಡಾಕ್ಟರ ಕಣ್ಣು ಸೂಟ್‌ಕೇಸಿನ ಮೇಲೆ ಬಿದ್ದದ್ದೇ ತಡ, ಕೀಂಯ್ ಕೀಂಯ್ ಕೀಂಯ್!

"ನೋಡೇ, ನೋಡೇ!" ಅತ್ತೆ ಹಿಗ್ಗಿ ಹೀರೇಕಾಯಿಯಾದರು. "ಅಳಿಯಂದ್ರಿಗೆ ನನ್ನ ಕಂಡ್ರೆ ಎಷ್ಟು ಸಂತೋಷ ನೋಡು! ಇಷ್ಟು ಪ್ರೀತಿ ಇಟ್ಕೊಂಡಿರೋರನ್ನ ಬಿಟ್ಟು ಹೋಗಕ್ಕೆ ಮನಸ್ಸಾದ್ರೂ ಹೇಗೆ ಬರುತ್ತೆ? ಒಂದು ತಿಂಗಳು ಇರ್ತೀನಿ."

ಕೀಂಯ್ ಎಂದಿತು ಮತ್ತೊಮ್ಮೆ.

ಬುಧವಾರ ರಾತ್ರಿ ಊಟದ ಮೇಜಿನಲ್ಲಿ ಹೆಂಡತಿ ಚಮಚ ಕೆಳಗಿಟ್ಟರು. ಅವರು ಚಮಚ ಕೆಳಗಿಟ್ಟರೆಂದರೆ ಏನೋ ಗ್ರಹಚಾರ ಕಾದಿದೆ ಎಂದೇ ಅರ್ಥ.

"ರೀ, ಒಂದು ಮಾತು ಕೇಳ್ಲಾ? ಕೆಳಗಿನ ಮನೆಯವಳನ್ನ ಕಂಡ್ರೆ ಕೂಗ್ತು. ಅಮ್ಮನ್ನ ಕಂಡ್ರೆ ಕೂಗ್ತು. ನೆನ್ನೆ ಟೀವಿಯಲ್ಲಿ ಫ್ರಿಜ್ಜಿನ ಜಾಹೀರಾತು ಬಂದಾಗ್ಲೂ ಕೂಗ್ತು."

"ಅದು ಆಗ ತಾನೇ ಹಗ್ಗ ಜಿಗಿದು ಕೂತಿದ್ದೆ..."

"ಮೂರು ದಿನದಿಂದ ನಾನು ಎದುರಿಗೇ ಓಡಾಡ್ತಿದೀನಿ. ಹೊಸ ಸ್ವೆಟರ್ ಹಾಕ್ಕೊಂಡೆ, ಕೂದಲು ಕತ್ತರಿಸ್ಕೊಂಡ್ ಬಂದೆ. ಇವತ್ತು ಬೇಕೂಂತಲೇ ಪಕ್ಕದಲ್ಲಿ ಬಂದು ಕೂತ್ಕೊಂಡೆ. ಒಂದು ಸಲ, ಒಂದೇ ಒಂದು ಸಲ ಕೂಗ್ತಾ ಅದು?"

ಡಾಕ್ಟರು ಗಡಿಯಾರ ನೋಡಿಕೊಂಡರು. ಹೆಂಡತಿ ಇಷ್ಟು ಬೈಯುತ್ತಿದ್ದರೂ ಅದು ಐವತ್ತೆಂಟರಲ್ಲಿ ತಣ್ಣಗೆ ಮಲಗಿತ್ತು. ಅವರಿಗೆ ತಲೆಯ ಮೇಲೆ ಆಕಾಶವೇ ಕಳಚಿ ಬಿದ್ದಂತಾಯಿತು.

"ಮದುವೆಯಾದ ಹೊಸದ್ರಲ್ಲಿ ನನ್ನ ಕಂಡ್ರೆ ಕೈ ನಡುಗಿ ಕಾಫಿ ಚೆಲ್ತಿದ್ರಿ," ಎಂದು ಹೆಂಡತಿ ಎದ್ದು ಹೋದರು. ಅತ್ತೆ ಅಳಿಯನ ಕಡೆ ಮರುಕದಿಂದ ನೋಡಿ, ಅವರ ತಟ್ಟೆಯಲ್ಲಿದ್ದದ್ದನ್ನೂ ತಾವೇ ತಿಂದು ಮುಗಿಸಿದರು.

ಪಾಪದ ಡಾಕ್ಟರು ಗುರುವಾರ ಒಂದು ಉಪಾಯ ಹೂಡಿದರು. ಹೆಂಡತಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಬಾಗಿಲ ಹಿಂದೆ ನಿಂತು ಬಸ್ಕಿ ಹೊಡೆಯತೊಡಗಿದರು. ಭಾನುವಾರದವರೆಗೆ ಒಂದು ಕೂಗೂ ಬರಬಾರದು ಎಂದು ದೇಹವನ್ನು ಪಳಗಿಸುತ್ತಿದ್ದ ಮನುಷ್ಯ, ಕೂಗಲಿ ಎಂದು ಬೆವರು ಸುರಿಸುತ್ತಿದ್ದರು. ಬೆಲ್ ಆಯಿತು. ಮುಖವೆಲ್ಲ ಕೆಂಪಾಗಿ, ಎರಡೂ ಕೈ ಅಗಲಿಸಿ ಬಾಗಿಲು ತೆರೆದರು. ಕೀಂಯ್ ಕೀಂಯ್ ಎಂದು ಗಡಿಯಾರ ಬಾಯಿ ಬಡಿದುಕೊಂಡಿತು.

ಎದುರಿಗಿದ್ದವನು ಕೊರಿಯರ್‌ನವನು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಪಾರ್ಸೆಲನ್ನು ನೆಲದ ಮೇಲಿಟ್ಟು ಕಾಲಲ್ಲಿ ಮುಂದಕ್ಕೆ ತಳ್ಳಿದ. "ಸೈನ್ ಏನೂ ಬೇಡ ಸಾರ್," ಎಂದು ಇಳಿದೇಬಿಟ್ಟ. ಡಾಕ್ಟರು ಅವಮಾನದಿಂದ ಸುಧಾರಿಸಿಕೊಂಡು ತಣ್ಣಗಾಗುವ ಹೊತ್ತಿಗೆ ಸರಿಯಾಗಿ ಹೆಂಡತಿ ಬಂದರು. ಗಡಿಯಾರ ತುಟಿ ಪಿಟಕ್ಕೆನ್ನಲಿಲ್ಲ.

"ಕೆಳಗೆ ಕೊರಿಯರ್‌ನವನು ಸಿಕ್ಕಿದ್ದ," ಎಂದರು ಹೆಂಡತಿ ಬೂಟು ಬಿಚ್ಚುತ್ತಾ. "ಅವನನ್ನ ಕಂಡೂ ಕೂಗ್ತಂತೆ."

ಶುಕ್ರವಾರ ಇಡೀ ಮನೆಯಲ್ಲಿ ಬೇಕಾದಷ್ಟೇ ಮಾತು. ಉಪ್ಪು ಕೊಡಿ, ಬಾಗಿಲು ಹಾಕಿ, ಅಷ್ಟೆ. ಶನಿವಾರ ಡಾಕ್ಟರು ನಾಚಿಕೆ ಬಿಟ್ಟು ಬ್ರೇಕ್ ಸಾರ್ ಹತ್ತಿರ ಗೋಳು ತೋಡಿಕೊಂಡರು. ಬ್ರೇಕ್ ಸಾರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ನಿಮ್ಮಂಥ ಅದೃಷ್ಟವಂತ ಯಾರಿದ್ದಾರೆ ಡಾಕ್ಟ್ರೇ? ಒಬ್ಬರ ಪಕ್ಕ ಕೂತ್ರೆ ಎದೆ ಹಾಗೆ ತಣ್ಣಗಾಗುತ್ತೆ ಅಂದ್ರೆ ಸಾಮಾನ್ಯಾನಾ? ಅದನ್ನೇ ಅವರಿಗೆ ಹೇಳಿ."

ಡಾಕ್ಟರು ಹುಮ್ಮಸ್ಸಿನಿಂದ ಮನೆಗೆ ಬಂದು ಅದನ್ನೇ ಹೇಳಿದರು. ನೀನು ಹತ್ತಿರ ಇದ್ದರೆ ನನ್ನ ಜೀವಕ್ಕೆ ಎಷ್ಟು ನೆಮ್ಮದಿ ಅಂದರೆ ಎದೆ ಐವತ್ತೆಂಟಕ್ಕೆ ಇಳಿದುಬಿಡುತ್ತೆ ಎಂದರು. ಅದು ನಿಜವೂ ಆಗಿತ್ತು. ಅವರು ಅಷ್ಟು ಮನಸಾರೆ ಮಾತಾಡಿ ವರ್ಷಗಳೇ ಆಗಿದ್ದವು.

ಹೆಂಡತಿ ಪೂರ್ತಿ ಕೇಳಿಸಿಕೊಂಡರು. "ಅಂದ್ರೆ ನಾನು ನಿದ್ದೆ ಮಾತ್ರೆ."

"ಹಾಗಲ್ವೇ..."

"ನಾಳೆ ಸೇತುವೆ ತಿರುವಲ್ಲಿ ನಿಂತಿರ್ತೀನಿ. ನನ್ನ ನೋಡ್ಕೊಂಡೇ ಓಡಿ. ನೋಡೇಬಿಡೋಣ."

ಭಾನುವಾರ ಬೆಳಿಗ್ಗೆ ಕೆರೆಯ ಅಂಚೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಡಾಕ್ಟರು ಅಡಕತ್ತರಿಯಲ್ಲಿ ಸಿಕ್ಕಿದ್ದರು. ಸೇತುವೆ ಹತ್ತಿರ ಗಡಿಯಾರ ಕೂಗಿದರೆ ಮೂರನೇ ಚಳಿಗಾಲವೂ ನೀರುಪಾಲು. ಕೂಗದಿದ್ದರೆ ಸಂಸಾರದ ಗತಿ ಏನು? ಓಡುತ್ತಾ ಓಡುತ್ತಾ ಒಮ್ಮೆ ಕೂಗದಿರಲಿ ಎಂದುಕೊಂಡರು, ಮರುಕ್ಷಣ ಸಣ್ಣದಾಗಿ ಕೂಗಲಿ ಎಂದುಕೊಂಡರು. ಹಿಂದೆ ಸೈಕಲ್ಲಿನಲ್ಲಿ ಬ್ರೇಕ್ ಸಾರ್ "ನಿಧಾನ, ನಿಧಾನ" ಎನ್ನುತ್ತಿದ್ದರು. ಆ ತಳ್ಳುಗಾಡಿಯ ಮುದುಕಿ ಎಲ್ಲಿಂದಲೋ ಪ್ರತ್ಯಕ್ಷಳಾಗಿ ಈ ಸಲವೂ ಅವರನ್ನು ದಾಟಿದಳು, ತಿರುಗಿ ನೋಡಿ ನಕ್ಕಳು ಕೂಡ. ನೂರ ಹದಿನೆಂಟು. ಡಾಕ್ಟರು ಮುದುಕಿಗೆ ಕೈಯೆತ್ತಿ ನಮಸ್ಕಾರ ಮಾಡಿ ಹಿಂದೆಯೇ ಉಳಿದರು. ಎಂಥ ತ್ಯಾಗವೆಂದು ಓಡುವವರಿಗಷ್ಟೇ ಗೊತ್ತು.

ಸೇತುವೆ ತಿರುವು ಬಂತು. ಅದನ್ನು ದಾಟಿದರೆ ಉಳಿಯುವುದು ಇಳಿಜಾರು ಮಾತ್ರ. ಹೆಂಡತಿ ಹೇಳಿದ ಹಾಗೆಯೇ ನಿಂತಿದ್ದರು, ಹೊಸ ಸ್ವೆಟರ್, ಕೈಯಲ್ಲಿ ಫ್ಲಾಸ್ಕು. ಡಾಕ್ಟರು ಅವರ ಮುಖ ನೋಡಿದರು. ನೂರ ಹದಿನೆಂಟಿದ್ದದ್ದು ನೂರ ಹದಿನಾರಾಯಿತು, ನೂರ ಹದಿಮೂರಾಯಿತು. ಹಾಳಾದ ಎದೆ ಅವರನ್ನು ಕಂಡದ್ದೇ ಮನೆಗೆ ಬಂದಂತೆ ಆರಾಮಾಗಿ ಕಾಲು ಚಾಚಿತ್ತು. ಹೆಂಡತಿ ಕಿವಿ ನಿಮಿರಿಸಿ ಕಾದರು. ನಿಶ್ಶಬ್ದ. ಅವರ ಮುಖ ಬಾಡಿದ್ದನ್ನು ನೋಡಿ ಡಾಕ್ಟರ ಕರುಳು ಕಿವುಚಿತು. ಆದರೆ ಕರುಳಿಗೆ ಪಟ್ಟಿ ಕಟ್ಟಿರಲಿಲ್ಲವಲ್ಲ.

"ಅಯ್ಯಮ್ಮಾ!"

ಫ್ಲಾಸ್ಕು ಒಂದು ಕಡೆ ಹಾರಿತು. ಜಾರದಂತೆ ಊರಿಗೆಲ್ಲ ಕಲಿಸಿದ ಮೇಡಂ ನೆಲಕ್ಕೆ ಕುಸಿದಿದ್ದರು.

ಆಮೇಲೆ ಗಡಿಯಾರ ಕೂಗಿದ ಕೂಗಿಗೆ ಕೆರೆಯ ಬಾತುಕೋಳಿಗಳೆಲ್ಲ ಎದ್ದು ಹಾರಿದವು. ಆ ಇಡೀ ಚಳಿಗಾಲದಲ್ಲಿ ಡಾಕ್ಟರು ಓಡಿದ ಅತಿ ವೇಗದ ಓಟ ಅದೇ. ಹೋಗಿ ಹೆಂಡತಿಯ ಪಕ್ಕ ಮೊಣಕಾಲೂರಿ ಕೂತರು. ಕೈ ನಡುಗುತ್ತಿತ್ತು.

"ಕೂಗ್ತು ಕಣ್ರೀ!" ಎಂದರು ಹೆಂಡತಿ, ನೆಲದ ಮೇಲೆ ಕೂತೇ. "ಅಬ್ಬಾ, ಅಮ್ಮನಿಗಿಂತ ಜೋರಾಗಿ ಕೂಗ್ತು!"

ಬ್ರೇಕ್ ಸಾರ್ ಸೈಕಲ್ ನಿಲ್ಲಿಸಿ ತಲೆ ಕೆರೆದುಕೊಂಡರು. "ಕೂಗಿದ್ದು ಕೂಗಿದ್ದೇ ಡಾಕ್ಟ್ರೇ. ನಿಯಮ ಅಂದ್ರೆ ನಿಯಮ. ಮುಂದಿನ ಚಳಿಗಾಲ ನೋಡೋಣ." ಹೇಳಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಡಾಕ್ಟರು ಬೂಟು ಕಳಚಿ, ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಪಾದದ ಗಂಟು ಒತ್ತಿ ನೋಡಿದರು. ಊತ ಇರಲಿಲ್ಲ. ಬೂಟಿನ ಅಟ್ಟೆಯಲ್ಲಿ ಮೊಳೆಗಳು ಒಂದೂ ಸವೆಯದೆ ಫಳಫಳ ಹೊಳೆಯುತ್ತಿದ್ದವು. ನೆಲ ನೋಡಿದರು. ಸೇತುವೆಯ ತಿರುವು ಅಪಾಯವೆಂದು ಪುರಸಭೆಯವರು ಬೆಳಿಗ್ಗೆಯೇ ಮರಳು ಸುರಿದಿದ್ದರು, ಡಾಕ್ಟರ ಮೊಣಕಾಲಿಗೆಲ್ಲ ಅದೇ ಅಂಟಿತ್ತು. ಅಲ್ಲಿ ಮಗುವೂ ಜಾರುವಂತಿರಲಿಲ್ಲ. ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಹೆಂಡತಿ ಬಾತುಕೋಳಿ ನೋಡುತ್ತಿದ್ದರು.

ಮೂರು ಚಳಿಗಾಲ. ಮುದುಕಿಗೆ ನಮಸ್ಕಾರ. ಎಲ್ಲ ಮಣ್ಣುಪಾಲು. ಡಾಕ್ಟರು ಕೂತಲ್ಲೇ ಕೂತಿದ್ದರು, ಮೈ ಕದಲಿಸಿರಲಿಲ್ಲ, ಆದರೂ ಗಡಿಯಾರ ಇನ್ನೊಮ್ಮೆ ಕೀಂಯ್ ಎಂದಿತು.

ಹೆಂಡತಿ ಮೆಲ್ಲಗೆ ಕೇಳಿದರು. "ಇದು ಯಾಕೆ ಈಗ?"

"ಕೋಪಕ್ಕೆ," ಎಂದರು ಡಾಕ್ಟರು.

ಹೆಂಡತಿ ಸ್ವೆಟರಿನ ಮರಳು ಕೊಡವಿಕೊಂಡರು. "ಪರವಾಗಿಲ್ಲ ಬಿಡಿ. ನನ್ನ ಮೇಲೇ ತಾನೇ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಎಷ್ಟು ಬಿಗಿಹಿಡಿದರೂ ಉಕ್ಕಿ ಬಂತು, ಗಡಿಯಾರ ಕೂಗುತ್ತಲೇ ಇತ್ತು. ಫ್ಲಾಸ್ಕನ್ನು ಹುಡುಕಿ ತಂದು ಹೆಂಡತಿಯನ್ನು ಎಬ್ಬಿಸಿ ಭುಜ ಕೊಟ್ಟರು. ಸೇತುವೆಯವರೆಗೆ ಹೆಂಡತಿ ಎಡಗಾಲು ಕುಂಟಿದರು. ಸೇತುವೆ ದಾಟಿದ ಮೇಲೆ ಬಲಗಾಲು ಕುಂಟಿದರು. ಡಾಕ್ಟರು ನೋಡಿಯೂ ನೋಡದವರಂತೆ, ಅವರ ಭಾರವನ್ನು ಆ ಕಡೆಯ ಭುಜದಿಂದ ಈ ಕಡೆಯ ಭುಜಕ್ಕೆ ಬದಲಾಯಿಸಿಕೊಂಡು ನಡೆದರು.