ಅಕ್ಕಿಯಲ್ಲಿ ಬರೆದ ಹೆಸರು

ಬೆಳಗಾವಿ ಖಾಸಬಾಗದ ಗಂಗೂಬಾಯಿ ಚೌಗುಲೆ ಸೊಸೆಯನ್ನು ಮನೆಯಿಂದ ಕಳಿಸಿದ್ದರೇ ಹೊರತು ಸೊಸೆಯ ಬೆಳ್ಳಿ ಪದಕದ ಹೆಮ್ಮೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಏಷ್ಯಾ ಮಟ್ಟದ ಕೂಟದ ಐದು ಸಾವಿರ ಮೀಟರ್ ಓಟದಲ್ಲಿ ಹುಡುಗಿ ಎರಡನೆಯವಳಾಗಿ ಬಂದ ಮರುದಿನ ಓಣಿಗೆಲ್ಲ ಪೇಢೆ ಹಂಚಿದರು. ವಿಚ್ಛೇದನವಾಗಿ ಮೂರು ವರ್ಷವಾಗಿದೆ ಎಂಬುದು ತಿನ್ನುವವರಿಗೆಲ್ಲ ಗೊತ್ತಿತ್ತು. ಪೇಢೆ ಚೆನ್ನಾಗಿದ್ದವು, ಯಾರೂ ಆ ಮಾತು ತೆಗೆಯಲಿಲ್ಲ.

"ಆಕಿಗೆ ಹೆಸರು ಇಟ್ಟಾಕಿ ಯಾರು? ನಾನ!" ಎನ್ನುತ್ತಿದ್ದರು ಗಂಗೂಬಾಯಿ.

ಅದು ಸುಳ್ಳೇನಲ್ಲ. ತವರೂರು ಪಾರಿಶ್ವಾಡದಿಂದ ಬರುವಾಗ ಹುಡುಗಿ ಮುಗ್ಧಾ ಆಗಿದ್ದಳು, ವಯಸ್ಸು ಹತ್ತೊಂಬತ್ತು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಮಗ ಪರಾಗನ ಕೈಗೆ ಉಂಗುರ ಕೊಟ್ಟು, ಅಕ್ಕಿಯಲ್ಲಿ 'ಶರ್ವರಿ' ಎಂದು ಬರೆಸಿದರು. ಅವರ ಮನೆತನದಲ್ಲಿ ಸೊಸೆಯಾದವಳು ತವರಿನ ಹೆಸರನ್ನು ತವರಿನಲ್ಲೇ ಬಿಟ್ಟು ಬರಬೇಕು. ಬೇರೆಯವರು ಅಕ್ಕಿಯಲ್ಲಿ ಬರೆಸಿ ಸುಮ್ಮನಾಗುತ್ತಾರೆ. ಗಂಗೂಬಾಯಿ ಅಂಥ ಅರೆಬರೆ ಕೆಲಸದವರಲ್ಲ. ಹದಿನೈದೇ ದಿನದಲ್ಲಿ ಆಧಾರ್ ಕಾರ್ಡಿನಿಂದ ಹಿಡಿದು ಕ್ರೀಡಾಪಟುವಿನ ಗುರುತಿನ ಚೀಟಿಯವರೆಗೆ ಎಲ್ಲದರಲ್ಲೂ 'ಶರ್ವರಿ ಪರಾಗ ಚೌಗುಲೆ' ಎಂದು ಮಾಡಿಸಿ ಹಾಕಿದರು.

ಹೆಸರು ಬದಲಾಯಿತು, ಹುಡುಗಿ ಬದಲಾಗಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಚಡ್ಡಿ ಹಾಕಿಕೊಂಡು ಓಡುವ ಸೊಸೆಯನ್ನು ಹಾಲಿನವನು ನೋಡಿದ, ಪೇಪರಿನವನು ನೋಡಿದ. ನಾಲ್ಕು ತಲೆಮಾರಿನ ಮಾನ ಇಬ್ಬರ ಕಣ್ಣಿಗೆ ಬಿದ್ದು ಮಣ್ಣುಪಾಲಾಯಿತು. "ಮನಿ ಬೇಕೋ, ಮೈದಾನ ಬೇಕೋ?" ಎಂದು ಗಂಗೂಬಾಯಿ ಕೇಳಿದರು. ಹುಡುಗಿ ಯೋಚನೆಯನ್ನೂ ಮಾಡದೆ ಮೈದಾನ ಎಂದಳು. ಪರಾಗನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನು ತಾಯಿಯ ಮುಖ ನೋಡುತ್ತಿದ್ದ. ಎರಡು ವರ್ಷದ ಸಂಸಾರ ಕೋರ್ಟಿನಲ್ಲಿ ಮುಗಿಯಿತು.

ಆಮೇಲೆ ಏಳು ಕಡೆ ಬೇಡವೆನಿಸಿಕೊಂಡ ಪರಾಗನಿಗೆ ಈಗ ಎಂಟನೆಯದಾಗಿ ಒಂದು ಸಂಬಂಧ ಕೂಡಿಬಂದಿತ್ತು. ಹೊಸ ಹುಡುಗಿಯ ತಂದೆ, ಕ್ಯಾಂಪ್ ಬಡಾವಣೆಯ ಪಂಢರಿನಾಥರು ಎಲ್ಲಕ್ಕೂ ಒಪ್ಪಿದರು, ಒಂದನ್ನು ಬಿಟ್ಟು.

"ಟಿವಿಯೊಳಗ ಆಕಿ ಹೆಸರಿನ ನಡುವ ನಿಮ್ಮ ಮಗ ಕುಂತಾನ. ನಮ್ಮ ಹುಡುಗಿ ಎಲ್ಲಿ ಕುಂದರಬೇಕ್ರಿ? ಬರೂ ಗುರುವಾರದೊಳಗ ಆ ಹೆಸರು ತಗಸ್ರಿ. ಇಲ್ಲಾಂದ್ರ ನಾವು ಬ್ಯಾರೆ ಕಡೆ ನೋಡ್ತೀವಿ."

ಹಾಗಾಗಿ ಸೋಮವಾರ ಬೆಳಗ್ಗೆ ಗಂಗೂಬಾಯಿ ಖಾನಾಪುರದ ಬಸ್ಸು ಹತ್ತಿದರು. ಹಳೆಯ ಸೊಸೆ ಅಲ್ಲಿಯ ಮೈದಾನದಲ್ಲಿ ಬೀರಣ್ಣ ಎಂಬ ಕೋಚ್ ಹತ್ತಿರ ತರಬೇತಿ ಪಡೆಯುತ್ತಿದ್ದಳು. ಇವರನ್ನು ಕಂಡು ಮುಖ ತಿರುಗಿಸಲಿಲ್ಲ. "ಬರ್ರಿ ಆಯಿ, ಕುಂದರ್ರಿ," ಎಂದು ಬೆಂಚು ಒರೆಸಿಕೊಟ್ಟಳು. ಬೈದಿದ್ದರೆ ಗಂಗೂಬಾಯಿಗೆ ಅನುಕೂಲವಾಗುತ್ತಿತ್ತು.

"ನಿನ್ನ ಮೊದಲಿನ ಹೆಸರು ಎಷ್ಟು ಚಲೋ ಇತ್ತವಾ, ಮುಗ್ಧಾ," ಎಂದು ಶುರು ಮಾಡಿದರು. ಆ ಹೆಸರಿನಿಂದ ಅವಳನ್ನು ಅವರು ಕರೆದದ್ದು ಅದೇ ಮೊದಲು.

"ಖರೇನ ಚಲೋ ಇತ್ರಿ."

"ಮತ್ತ ಅದನ್ನ ಮಾಡ್ಕೊ. ಏನು ಸಹಿ ಬೇಕು ಹೇಳು, ಪರಾಗ ಇವತ್ತ ಮಾಡ್ತಾನ."

"ಆವಾಗ ನಮ್ಮ ವಕೀಲರು ಕಾಗದ ಕಳಿಸಿದ್ರಲ್ರಿ ಆಯಿ. ಹಳೇ ಹೆಸರು ತಿರುಗಿ ಮಾಡ್ಕೊಳ್ಳಾಕ ಬರೇ ಒಂದು ಸಹಿ ಕೇಳಿದ್ದೆ. ಹಂಗ ವಾಪಸ್ ಬಂತು."

ಗಂಗೂಬಾಯಿಗೆ ಚೆನ್ನಾಗಿಯೇ ನೆನಪಿತ್ತು. ಕಾಗದ ಬಂದ ವಾರವೇ ಪೇಪರಿನಲ್ಲಿ 'ಬೆಳಗಾವಿಯ ಚೌಗುಲೆಗೆ ಚಿನ್ನ' ಎಂದು ದಪ್ಪಕ್ಷರದಲ್ಲಿ ಬಂದಿತ್ತು. ಸೊಸೆ ಹೋದರೆ ಹೋದಳು, ಇಂಥ ಹೆಸರನ್ನು ಯಾರಾದರೂ ಕಳೆದುಕೊಳ್ಳುತ್ತಾರೆಯೇ? ಸಹಿ ಮಾಡಬೇಡ ಎಂದು ಮಗನ ಕೈಯಿಂದ ಪೆನ್ನು ಕಸಿದಿದ್ದರು.

"ಈಗ ದೊಡ್ಡ ಕೂಟಕ್ಕ ಇದ ಹೆಸರು ಹೋಗೇತ್ರಿ," ಎಂದಳು ಹುಡುಗಿ. "ಪಾಸ್‌ಪೋರ್ಟ್ ಇದ ಹೆಸರೀಲೆ ಐತಿ. ಈಗ ತಿದ್ದಾಕ ಹೋದ್ರ ನಾ ಇಲ್ಲೇ ಉಳೀತೀನಿ."

"ಗುರುವಾರದೊಳಗ ಆಗಬೇಕವಾ! ಪರಾಗನ ಬಾಳೇದ ಪ್ರಶ್ನಿ ಐತಿ."

"ನನ್ನ ಬಾಳೇನೂ ಅದ ಹೆಸರಿನ್ಯಾಗ ಸಿಕ್ಕೊಂಡೈತಿ ಆಯಿ. ಮನ್ಯಾಗ ನೀವು ಶರ್ವರಿ ಅಂತ ಒದರಿದ್ರ ನನ್ನ ಎದಿ ಧಸಕ್ಕ ಅಂತಿತ್ತು. ಹೊರಗ ಬಂದ ಮ್ಯಾಲೂ ಯಾರರ ಕರದ್ರ ಹಂಗ ಆಗ್ತಿತ್ತು. ಅಂಜಿಕಿ ಇಲ್ಲದ ಅದಕ್ಕ ಓ ಅನ್ನಾಕ ನನಗ ಮೂರು ವರ್ಷ ಹಿಡೀತು."

ಅಷ್ಟರಲ್ಲಿ ಮೈದಾನದ ಆ ಕಡೆಯಿಂದ ಬೀರಣ್ಣ ಕೂಗಿದ. "ಶರ್ವರೀ, ಬಾರವ್ವಾ!"

"ಬಂದೆ ಸರ್!" ಎಂದು ಹುಡುಗಿ ನಗುತ್ತ ಓಡಿದಳು. ಗಂಗೂಬಾಯಿ ಆ ಹೆಸರನ್ನು ಎರಡು ವರ್ಷ ದಿನಕ್ಕೆ ನೂರು ಸಲ ಕೂಗಿದ್ದರು: ಚಹಾಕ್ಕೆ, ಪಾತ್ರೆ-ಭಾಂಡೆಗೆ, ಬಟ್ಟೆಗೆ. ಹೀಗೆ ಕೂಗಬಹುದೆಂದು ಒಂದು ಸಲವೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಅಭ್ಯಾಸವಿಲ್ಲದ್ದರಿಂದ, ಅದು ನಾಚಿಕೆ ಎಂದು ತಿಳಿಯಲು ತುಸು ಹೊತ್ತು ಹಿಡಿಯಿತು.

ಫೋನು ಬಂತು. ಪಂಢರಿನಾಥರು. "ಏನಾತ್ರಿ? ತಗಸಿದ್ರೋ ಇಲ್ಲೋ?"

ವಕೀಲರು ಊರಲ್ಲಿಲ್ಲ, ಆಫೀಸಿಗೆ ಸೂಟಿ, ಕಾಗದ ದಿಲ್ಲಿಗೆ ಹೋಗಿದೆ ಎಂದು ಹೇಳಲು ಗಂಗೂಬಾಯಿ ಬಸ್ಸಿನಲ್ಲೇ ಮೂರು ಸುಳ್ಳು ಜೋಡಿಸಿಟ್ಟುಕೊಂಡಿದ್ದರು. ಒಳ್ಳೆಯ ಸುಳ್ಳುಗಳು, ದೀಪಾವಳಿಯವರೆಗೆ ಬಾಳುವಂಥವು.

"ಇಲ್ರಿ," ಎಂದರು. "ಆಕಿ ಎಂದೋ ತಗಸಾಕ ನಿಂತಿದ್ಲು. ನಾನ ಬಿಡಲಿಲ್ಲ."

"ಯಾಕ್ರಿ?"

"ಪೇಪರಿನ್ಯಾಗ ನಮ್ಮ ಹೆಸರು ಬರ್ತಿತ್ತಲ್ರಿ."

ಆ ಕಡೆ ಫೋನು ಇಟ್ಟರು.