ಕುಂಬಳಕಾಯಿ ತರಲು ಹೋದ ಹೊತ್ತು

ಜರ್ಮನಿಯಲ್ಲಿ ಬಂದೂಕು ಸಿಗುವುದು ಕಷ್ಟ ಅಂತ ಜನ ಹೇಳುತ್ತಾರೆ. ಶುದ್ಧ ಸುಳ್ಳು. ಕಷ್ಟವಿರುವುದು ನೆಲ ಸಿಗುವುದು. ಸುರಪುರ ಕಡೆಯ ಉದಯಕುಮಾರ ಫೊಯರ್‌ಬಾಕ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಒಂದು ಚಳಿಗಾಲವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, ಬೇಟೆಯ ಪರೀಕ್ಷೆ ಪಾಸು ಮಾಡಿ, ಯಾಗ್ಟ್‌ಶೈನ್ ಎಂಬ ಪರವಾನಗಿ ಪಡೆದಿದ್ದ. ಬಂದೂಕು ಕೊಂಡ, ಅದನ್ನಿಡಲು ಕಬ್ಬಿಣದ ಸೇಫ್ ಕೊಂಡ. ಆಮೇಲೆ ನೋಡಿದರೆ ಕಾಲಿಡಲು ಜಾಗವಿಲ್ಲ! ಆ ದೇಶದಲ್ಲಿ ಪ್ರತಿ ಹೊಲ, ಪ್ರತಿ ಕಾಡಿನ ಬೇಟೆಯ ಹಕ್ಕನ್ನು ಯಾರೋ ಒಬ್ಬ ಗುತ್ತಿಗೆ ಹಿಡಿದಿರುತ್ತಾನೆ. ಅವನು ಹೂಂ ಅಂದರೆ ಉಂಟು, ಇಲ್ಲದಿದ್ದರೆ ಬಂದೂಕು ಒರೆಸಿ ಒಳಗಿಡುವುದೇ ಕೆಲಸ.

ಉದಯಕುಮಾರ ಹಳ್ಳಿ ಹಳ್ಳಿ ಅಲೆದ. ಒಬ್ಬ ನಕ್ಕ, ಒಬ್ಬ ಕಾಫಿ ಕೊಟ್ಟು ಕಳಿಸಿದ, ಇನ್ನೊಬ್ಬ ಬಾಗಿಲನ್ನೇ ತೆರೆಯಲಿಲ್ಲ. ಸುರಪುರದಲ್ಲಿ ಅವನ ಅಜ್ಜ ಬೇಟೆಗಾರ. ಮೊಮ್ಮಗ ಕಂಡಿದ್ದು ಗೋಡೆಗೆ ತೂಗುಹಾಕಿದ್ದ ತುಕ್ಕು ಹಿಡಿದ ನಳಿಗೆಯನ್ನು ಮಾತ್ರ. ನೌಕರಿ, ಮನೆ, ಕಾರು ಎಲ್ಲವನ್ನೂ ಕೊಟ್ಟ ಈ ದೇಶದಲ್ಲಿ ‘ಇಲ್ಲಿ ಓಡಾಡಲು ನನಗೆ ಹಕ್ಕಿದೆ’ ಅನ್ನುವಂಥ ಒಂದು ತುಂಡು ಮಣ್ಣಿಲ್ಲವಲ್ಲ ಎಂಬುದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಕೊನೆಗೆ ಸಿಕ್ಕವರು ಮುದುಕ ಬ್ಯೂಲರ್. ಅವರ ಹುಲ್ಲುಗಾವಲುಗಳಲ್ಲಿ ನರಿಗಳು ಮೊಲದ ಮರಿಗಳನ್ನು ಬಿಟ್ಟಿರಲಿಲ್ಲ, ನೆಲದಲ್ಲಿ ಗೂಡು ಕಟ್ಟುವ ಟಿಟ್ಟಿಭಗಳ ಮೊಟ್ಟೆಗಳನ್ನೂ ಬಿಟ್ಟಿರಲಿಲ್ಲ. ಅವರ ಮಂಡಿ ಬೇರೆ ಕೈಕೊಟ್ಟಿತ್ತು. ನರಿ ಕಾಯಲು ಒಬ್ಬ ಬೇಕಾಗಿದ್ದ. ಬೇಸಿಗೆಯಿಡೀ ಉದಯಕುಮಾರನಿಂದ ಅಟ್ಟಣಿಗೆ ರಿಪೇರಿ ಮಾಡಿಸಿದರು, ಇಲಿಯಂತೆ ಕೀಚಲು ದನಿ ಹೊರಡಿಸುವ ಸೀಟಿ ಊದಿ ನರಿಯನ್ನು ಹತ್ತಿರ ಕರೆಯುವುದನ್ನು ಕಲಿಸಿದರು. ಒಪ್ಪಿಗೆಗೆ ಅವರದು ಒಂದೇ ಷರತ್ತು: ಬಂದೂಕು ಒಡೆಯನ ಕಣ್ಣೆದುರು ಇರಬೇಕು, ಇಲ್ಲವೇ ಬೀಗದೊಳಗೆ ಇರಬೇಕು. ಹಿಂದಿನ ಜೊತೆಗಾರ ಬ್ರೆಡ್ ತರಲು ಬೇಕರಿಗೆ ಹೋದಾಗ ಬಂದೂಕನ್ನು ಕಾರಿನಲ್ಲೇ ಬಿಟ್ಟಿದ್ದನಂತೆ. ಅವತ್ತೇ ಅವನನ್ನು ಕಳಿಸಿಬಿಟ್ಟರಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಒಪ್ಪಿಗೆಗೆ ಸಹಿ ಹಾಕಿ ಕೊಡಲು ಬ್ಯೂಲರ್ ಮನೆಗೇ ಬರುತ್ತೇನೆಂದ ದಿನ ಆಯುಧ ಪೂಜೆ ಬಿದ್ದಿತ್ತು. ಹೆಂಡತಿ ಕೀರ್ತಿ ಕೆಲಸಕ್ಕೆ ಹೋಗಿದ್ದಳು. ಊರಿಂದ ಬಂದಿದ್ದ ತಾಯಿ ನೀಲವ್ವ ಬೆಳಗಿನಿಂದ ಒಂದೇ ರಾಗ ಹಿಡಿದಿದ್ದಳು.

“ಕಾರಿಗೆ ಕುಂಕುಮ ಹಚ್ಚತಿ, ಆ ಲ್ಯಾಪ್‌ಟಾಪಿಗೂ ಹಚ್ಚತಿ. ಖರೇ ಆಯುಧ ಮನ್ಯಾಗ ಇಟ್ಕೊಂಡು ಅದಕ್ಕ ಇಲ್ಲಂದ್ರ ನಿಮ್ಮಜ್ಜ ಮೆಚ್ಚತಾನೇನು?”

ಅಜ್ಜನ ಹೆಸರು ಬಂದ ಮೇಲೆ ಉದಯಕುಮಾರ ಕರಗಿದ. ಗುಂಡಿಲ್ಲದ ಬಂದೂಕನ್ನು ಸೇಫಿನಿಂದ ತೆಗೆದು ಮಣೆಯ ಮೇಲೆ ಮಲಗಿಸಿದ. ನಾನು ಎದುರಿಗೇ ಕೂತಿರುತ್ತೇನಲ್ಲ, ತಪ್ಪೇನು? ಅಷ್ಟರಲ್ಲಿ ನೀಲವ್ವ ಒಡೆಯಲು ಕುಂಬಳಕಾಯಿ ಕೇಳಿದಳು. ಅದು ಮರೆತೇಹೋಗಿತ್ತು. ಅಂಗಡಿ ಬೀದಿಯ ತುದಿಯಲ್ಲೇ ಇತ್ತು, ಬ್ಯೂಲರ್ ಬರಲು ಇನ್ನೂ ಹೊತ್ತಿತ್ತು, ಕುಂಕುಮ ಹಚ್ಚಿದ್ದನ್ನು ಮತ್ತೆ ಎತ್ತಬಾರದೆಂದು ಅವ್ವ ಬೇರೆ ಹೇಳಿದಳು. ನಾನು ಬರುವ ತನಕ ಯಾರಿಗೂ ಮುಟ್ಟಗೊಡಬೇಡ ಅಂತ ಅವಳಿಗೆ ಹೇಳಿ ಹೋಗಿಬಿಟ್ಟ ಪುಣ್ಯಾತ್ಮ! ಬುದ್ಧಿ ಎಂಬುದು ಬೇಕಾದ ಹೊತ್ತಿಗೇ ಮೇಯಲು ಹೋಗಿರುತ್ತದೆ.

ಕಿತ್ತಳೆ ಬಣ್ಣದ ಪುಟ್ಟ ಕುಂಬಳಕಾಯಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ವಾಪಸು ಬಂದವನು ಮನೆಯೆದುರು ಕೆಸರು ಮೆತ್ತಿದ ಹಸಿರು ಜೀಪನ್ನು ಕಂಡ. ಬ್ಯೂಲರ್ ಆಗಲೇ ಬಂದುಬಿಟ್ಟಿದ್ದರು!

ಮೆಟ್ಟಿಲು ಹತ್ತುತ್ತಾ ಲೆಕ್ಕ ಹಾಕಿದ. ಏನು ಹೇಳುವುದು? ಕೆಳಗೆ ಕೆಲರ್‌ಗೆ, ಅಂದರೆ ನೆಲಮಾಳಿಗೆಗೆ, ಹೋಗಿದ್ದೆ ಅಂದರೆ? ಮನೆಯೊಳಗೇ ಇದ್ದ ಹಾಗಾಯಿತಲ್ಲ. ಕುಂಬಳಕಾಯಿಯನ್ನು ಪಕ್ಕದ ಮನೆಯವರ ಹೂಕುಂಡದ ಹಿಂದೆ ಬಚ್ಚಿಟ್ಟು, ಬರಿಗೈಯಲ್ಲಿ ಬಾಗಿಲು ತೆರೆದ.

ನೀಲವ್ವ ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ, ಎರಡೂ ಕೈಯನ್ನು ಬಂದೂಕಿನ ಮೇಲೆ ಇಟ್ಟು ಕೂತಿದ್ದಳು. ಬ್ಯೂಲರ್ ಎದುರಿಗೆ ಟೋಪಿ ಹಿಡಿದು ನಿಂತಿದ್ದರು, ಮುಖ ಕೆಂಪಾಗಿತ್ತು. ಆ ಮನುಷ್ಯ ಬಂದೂಕು ಎತ್ತಲು ಬಂದ, ನೀನು ಬರುವ ತನಕ ಮುಟ್ಟಗೊಡಲಿಲ್ಲ ಅಂತ ನೀಲವ್ವ ಕನ್ನಡದಲ್ಲಿ ವರದಿ ಒಪ್ಪಿಸಿದಳು. ಮುದುಕರ ಅಂಗಿಯ ಜೇಬಿನಿಂದ ಮಡಿಸಿದ ಒಪ್ಪಿಗೆಪತ್ರ ಇಣುಕುತ್ತಿತ್ತು. ಉದಯಕುಮಾರನ ಕಣ್ಣು ಅದನ್ನು ಬಿಟ್ಟು ಕದಲಲಿಲ್ಲ.

ಬ್ಯೂಲರ್ ಬಹಳ ಮೆಲ್ಲಗೆ ಕೇಳಿದರು. “ಕೆಲರ್‌ನಲ್ಲಿ ಇದ್ದಿರೇನು?”

ಅವನ ಬಾಯಲ್ಲಿದ್ದ ಸುಳ್ಳನ್ನು ಅವರೇ ತೆಗೆದು ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಯಿತು. ಹೌದು ಅಂದರೆ ಮುಗಿಯಿತು, ನಾಳೆ ಬೆಳಿಗ್ಗೆ ಆ ಹುಲ್ಲುಗಾವಲು ಅವನದು. ಉದಯಕುಮಾರ ಬಾಯಿ ತೆರೆದ. ನೀಲವ್ವ ಮಗನ ಖಾಲಿ ಕೈ ನೋಡಿದಳು.

“ಕುಂಬಳಕಾಯಿ ಎಲ್ಲಿ ಇಟ್ಟಿ?”

ಬ್ಯೂಲರ್‌ಗೆ ಕನ್ನಡ ಎಲ್ಲಿಂದ ಅರ್ಥವಾಗಬೇಕು! ಆದರೆ ಉದಯಕುಮಾರನ ಕಣ್ಣು ಬಂದೂಕಿನ ಮೇಲಿದ್ದ ಅವ್ವನ ಅರಿಶಿನದ ಕೈಯ ಮೇಲೆ ಬಿತ್ತು. ಮಗನ ಮಾತು ನಂಬಿ ಕಾವಲು ಕೂತವಳ ಎದುರಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಇಲ್ಲ, ಅಂಗಡಿಗೆ ಹೋಗಿದ್ದೆ, ಬಂದೂಕು ಇಲ್ಲೇ ಬಿಟ್ಟು ಹೋಗಿದ್ದೆ ಎಂದ.

ಬ್ಯೂಲರ್ ಅವನ ಬರಿಗೈ ನೋಡಿದರು.

“ಆ ಕುಂಬಳಕಾಯಿ ಎಲ್ಲಿ ಹಾಕಿದಿರಿ?” ಎಂದರು. “ನೀವು ಅಂಗಡಿಯಿಂದ ಹೊರಬರುವಾಗ ನಾನು ಜೀಪಿನಿಂದ ಕೈ ಬೀಸಿದೆ. ನೀವು ನೋಡಲಿಲ್ಲ.”

ಉದಯಕುಮಾರನಿಗೆ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಬಂದೂಕನ್ನು ಸೇಫಿನೊಳಗಿಟ್ಟು ಬೀಗ ಹಾಕಲು ಹೇಳಿದರು ಬ್ಯೂಲರ್. ಹಾಕುವುದನ್ನು ನಿಂತು ನೋಡಿದರು. ಆಮೇಲೆ ಜೇಬಿನ ಪತ್ರವನ್ನು ಇನ್ನೂ ಒಳಕ್ಕೆ ತಳ್ಳಿ, ಕೋಟಿನ ಗುಂಡಿ ಹಾಕಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾರನ್ನು ದೂರುವುದು?

ಬಾಗಿಲ ಹತ್ತಿರ ಹೋದವರು ತಿರುಗಿದರು. “ಕೆಲರ್ ಅಂದಿದ್ದರೆ ನಿಮ್ಮ ಮುಖ ಮತ್ತೆ ನೋಡುತ್ತಿರಲಿಲ್ಲ. ಈ ಚಳಿಗಾಲ ಬಂದೂಕು ಮನೆಯಲ್ಲಿರಲಿ. ನೀವು ನಾಳೆ ಬನ್ನಿ, ಸೀಟಿ ತನ್ನಿ.”

ಮರುದಿನ ನಸುಕಿನಲ್ಲಿ ಇಬ್ಬರೂ ಅಟ್ಟಣಿಗೆಯಲ್ಲಿ ಕೂತರು. ಹುಲ್ಲಿನ ಮೇಲೆ ಮಂಜು ಹರಡಿತ್ತು. ಉದಯಕುಮಾರ ಇಲಿಯಂತೆ ಸೀಟಿ ಊದಿದ, ಕಾದ, ಮತ್ತೆ ಊದಿದ. ಬೇಲಿಯ ಬುಡದಿಂದ ನರಿ ಹೊರಬಿತ್ತು. ಹೆಜ್ಜೆ ಇಟ್ಟು ನಿಂತು, ಮೂಸಿ, ಮತ್ತೆ ಹೆಜ್ಜೆ ಇಟ್ಟು, ಅಟ್ಟಣಿಗೆಯ ಬುಡಕ್ಕೇ ಬಂದು ತಲೆಯೆತ್ತಿತು. ಅವನ ಕೈ ತಾನಾಗಿ ಹೆಗಲಿಗೆ ಹೋಯಿತು. ಹೆಗಲು ಖಾಲಿ. ಪಕ್ಕದಲ್ಲಿ ಬ್ಯೂಲರ್ ಬಂದೂಕು ಮಡಿಲಲ್ಲಿಟ್ಟುಕೊಂಡೇ ಕೂತಿದ್ದರು, ಕರೆದವನೇ ಹೊಡೆಯಬೇಕು ಅನ್ನುವ ಹಾಗೆ ಎತ್ತಲಿಲ್ಲ. ಹೊಟ್ಟೆ ಉರಿಯಿತು. ಆದರೂ ಅವನು ಉಸಿರು ಬಿಗಿಹಿಡಿದು ಆ ಮುಖವನ್ನೇ ನೋಡಿದ.

ಮನೆಗೆ ಬಂದಾಗ ನೀಲವ್ವ ಒಡೆದ ಕುಂಬಳಕಾಯಿಯ ಹೋಳನ್ನು ಪಲ್ಯಕ್ಕೆ ಹೆಚ್ಚುತ್ತಿದ್ದಳು. ನರಿ ಹೊಡದಿಯೇನು ಅಂತ ಕೇಳಿದಳು.

“ಇಲ್ಲವ್ವ. ಮುಖ ನೋಡಿ ಬಂದೆ.”

“ಮುಂಜಾನೆದ್ದು ನರಿ ಮುಖ ನೋಡಾಕ ಪುಣ್ಯ ಬೇಕಂತಾರ,” ಅಂದಳು ಅವಳು. “ನಿನಗ ಮತ್ತೇನ ಬೇಕಾಗಿತ್ತು?”

ಉದಯಕುಮಾರ ಬೂಟಿಗೆ ಮೆತ್ತಿದ್ದ ಆ ಹುಲ್ಲುಗಾವಲಿನ ಮಣ್ಣು ಒರೆಸದೆ, ಬೂಟನ್ನು ಹಾಗೇ ಬಾಗಿಲ ಪಕ್ಕ ಇಟ್ಟ.